ಮಂಡಿಯ ಮೃದ್ವಸ್ಥಿ ಕೋಶಗಳು ಒತ್ತಡಕ್ಕೆ ಹೇಗೆ ಸ್ಪಂದಿಸುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡಿಯೊಳಗಿನ ಮೃದ್ವಸ್ಥಿ ಬಳಸಿದಷ್ಟೂ ಸವೆದುಹೋಗುವ ಜಡ ಪದರ ಎಂಬ ನಂಬಿಕೆ ವ್ಯಾಪಕವಾಗಿದೆ. ಆ ಪದರದೊಳಗೆ ಜೀವಕೋಶಗಳಿವೆ ಎಂಬುದನ್ನೂ, ಪ್ರತಿ ಹೆಜ್ಜೆಯ ಒತ್ತಡವನ್ನು ಅವು ಗ್ರಹಿಸಿ ತಮ್ಮ ಕೆಲಸವನ್ನು ಹೆಚ್ಚಿಸುತ್ತವೆ ಅಥವಾ ತಗ್ಗಿಸುತ್ತವೆ ಎಂಬುದನ್ನೂ ಅರಿತರೆ ನಡಿಗೆ, ಓಟ, ವಿಶ್ರಾಂತಿ, ತೂಕ ಮುಂತಾದವುಗಳ ಬಗೆಗಿನ ಅನೇಕ ಪ್ರಶ್ನೆಗಳು ಬೇರೆಯೇ ರೀತಿಯಲ್ಲಿ ಕಾಣತೊಡಗುತ್ತವೆ. ಇಲ್ಲಿನ ಉತ್ತರಗಳು ವಿಷಯದ ತಿಳಿವಳಿಕೆಗಾಗಿ ಬರೆದವು. ನೋವು ಅಥವಾ ಬಾವು ಇರುವವರು ವೈದ್ಯರನ್ನು ಕಾಣಬೇಕು.

ಮಂಡಿಯ ಮೃದ್ವಸ್ಥಿ ಯಾವುದರಿಂದ ಆಗಿದೆ?

ತೊಡೆಮೂಳೆಯ ಕೆಳತುದಿ, ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯ ಮೇಲ್ತುದಿ ಮತ್ತು ಮಂಡಿಚಿಪ್ಪಿನ ಹಿಂಬದಿಯನ್ನು ಹೊದ್ದಿರುವ ನುಣುಪಾದ ಬಿಳಿ ಪದರವೇ ಕೀಲಿನ ಮೃದ್ವಸ್ಥಿ. ಆಸ್ಪತ್ರೆಗಳಲ್ಲಿ ಕಾರ್ಟಿಲೇಜ್ ಎಂದು ಹೇಳುವುದು ಇದನ್ನೇ. ಹೆಚ್ಚಿನ ಕಡೆ ಅದರ ದಪ್ಪ 2ರಿಂದ 4 ಮಿಲಿಮೀಟರ್ ಇರುತ್ತದೆ, ಮಂಡಿಚಿಪ್ಪಿನ ಹಿಂದೆ ಅದಕ್ಕಿಂತ ದಪ್ಪವಾಗಿರುತ್ತದೆ. ಅದರ ತೂಕದ ಶೇ. 65ರಿಂದ 80ರಷ್ಟು ನೀರು. ಉಳಿದದ್ದರಲ್ಲಿ ಮುಖ್ಯವಾದವು ಎರಡು: ಎರಡನೇ ಬಗೆಯ ಕೊಲಾಜೆನ್ ಎಳೆಗಳ ಗಟ್ಟಿಯಾದ ಬಲೆ ಮತ್ತು ಆ ಬಲೆಯೊಳಗೆ ಸಿಕ್ಕಿಕೊಂಡಿರುವ ಅಗ್ರಿಕಾನ್ ಎಂಬ ಭಾರಿ ಅಣುಗಳು. ಅಗ್ರಿಕಾನ್‌ನ ಮೈತುಂಬ ಋಣ ವಿದ್ಯುದಾವೇಶ ಇರುವುದರಿಂದ ಅದು ಸೋಡಿಯಂನಂತಹ ಧನ ಅಯಾನುಗಳನ್ನೂ ಅವುಗಳ ಜೊತೆಗೆ ನೀರನ್ನೂ ಸೆಳೆದುಕೊಂಡು ಉಬ್ಬಲು ಹವಣಿಸುತ್ತದೆ. ಕೊಲಾಜೆನ್ ಬಲೆ ಅದನ್ನು ತಡೆದು ಹಿಡಿಯುತ್ತದೆ. ಕಾಲ್ಚೆಂಡಿನ ಒಳಚೀಲ ಹಿಗ್ಗಲು ನೋಡುವಾಗ ಹೊರಗಿನ ಹೊದಿಕೆ ಅದನ್ನು ಬಿಗಿಹಿಡಿದು ಚೆಂಡಿಗೆ ಗಡಸುತನ ಕೊಡುವ ಹಾಗೆ, ಈ ಎರಡು ಶಕ್ತಿಗಳ ಪೈಪೋಟಿಯೇ ಮೃದ್ವಸ್ಥಿಗೆ ಬಿಗಿಯನ್ನು ಕೊಡುತ್ತದೆ.

ಇದನ್ನೆಲ್ಲ ಕಟ್ಟಿ ಕಾಪಾಡುವ ಜೀವಕೋಶ ಒಂದೇ ಬಗೆಯದು. ಅದರ ಹೆಸರು ಕಾಂಡ್ರೊಸೈಟ್. ವಯಸ್ಕರಲ್ಲಿ ಈ ಕೋಶಗಳು ಮೃದ್ವಸ್ಥಿಯ ಘನಗಾತ್ರದ ಕೆಲವೇ ಶೇಕಡಾ ಭಾಗವನ್ನು ಆಕ್ರಮಿಸುತ್ತವೆ. ಇಷ್ಟು ಕಡಿಮೆ ಸಂಖ್ಯೆಯ ಕೋಶಗಳು ಇಷ್ಟು ವಿಸ್ತಾರವಾದ ಹಂದರವನ್ನು ದಶಕಗಳ ಕಾಲ ನೋಡಿಕೊಳ್ಳಬೇಕಾಗಿರುವುದರಿಂದಲೇ ಒಂದೊಂದು ಕೋಶದ ಆರೋಗ್ಯವೂ ಮುಖ್ಯವಾಗುತ್ತದೆ.

ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲವಂತೆ. ಹಾಗಾದರೆ ಕೋಶಗಳಿಗೆ ಆಹಾರ ಎಲ್ಲಿಂದ ಬರುತ್ತದೆ?

ರಕ್ತನಾಳಗಳೂ ಇಲ್ಲ, ನರಗಳೂ ಇಲ್ಲ. ಕೀಲಿನ ಒಳಪೊರೆ ಸ್ರವಿಸುವ ದ್ರವದಿಂದ ಗ್ಲೂಕೋಸ್ ಮತ್ತು ಆಮ್ಲಜನಕ ನಿಧಾನವಾಗಿ ಒಳಕ್ಕೆ ಇಳಿಯುತ್ತವೆ. ಸಣ್ಣ ಅಣುಗಳು ತಾವಾಗಿಯೇ ಹರಡಿಕೊಂಡು ಒಳಸೇರುತ್ತವೆ. ದೊಡ್ಡ ಅಣುಗಳ ಸಾಗಣೆಗೆ ಮಾತ್ರ ಕೀಲಿನ ಚಲನೆಯಿಂದ ಉಂಟಾಗುವ ದ್ರವದ ಹರಿವು ನೆರವಾಗುತ್ತದೆ. ಆಮ್ಲಜನಕ ವಿರಳವಾಗಿರುವ ಈ ಪರಿಸರಕ್ಕೆ ಹೊಂದಿಕೊಂಡಿರುವ ಕಾಂಡ್ರೊಸೈಟ್‌ಗಳು ತಮ್ಮ ಶಕ್ತಿಯ ಬಹುಪಾಲನ್ನು ಆಮ್ಲಜನಕ ಬೇಡದ ದಾರಿಯಲ್ಲಿ, ಗ್ಲೂಕೋಸನ್ನು ಒಡೆದು ಪಡೆಯುತ್ತವೆ.

ನಡೆಯುವಾಗ ಮಂಡಿಯ ಮೇಲೆ ನಿಜವಾಗಿ ಎಷ್ಟು ಹೊರೆ ಬೀಳುತ್ತದೆ?

ಸಂವೇದಕಗಳನ್ನು ಅಳವಡಿಸಿದ ಕೃತಕ ಮಂಡಿಗಳಿಂದ ನೇರವಾಗಿ ಅಳೆದಾಗ, ಸಮತಟ್ಟಾದ ನೆಲದಲ್ಲಿ ನಡೆಯುವಾಗ ದೇಹದ ತೂಕದ 2ರಿಂದ 3 ಪಟ್ಟು ಬಲ ಮಂಡಿಯ ಮೂಲಕ ಹಾದುಹೋಗುತ್ತದೆ ಎಂದು ತಿಳಿದುಬಂದಿದೆ. ಮೆಟ್ಟಿಲು ಇಳಿಯುವಾಗ ಅದು ಇನ್ನೂ ಹೆಚ್ಚು. ದೇಹದ ತೂಕಕ್ಕಿಂತ ಇಷ್ಟು ಅಧಿಕವಾಗಲು ಕಾರಣ ಸ್ನಾಯುಗಳು: ಕೀಲನ್ನು ಸ್ಥಿರವಾಗಿ ಹಿಡಿಯಲು ಅವು ಎರಡು ಮೂಳೆಗಳನ್ನು ಪರಸ್ಪರ ಬಿಗಿಯಾಗಿ ಎಳೆಯುತ್ತವೆ.

ಈ ಬಲವನ್ನು ಅಗಲವಾದ ಜಾಗಕ್ಕೆ ಹಂಚುವ ಕೆಲಸದಲ್ಲಿ ಮೂಳೆಗಳ ನಡುವೆ ಇರುವ ಅರ್ಧಚಂದ್ರಾಕಾರದ ಮೆನಿಸ್ಕಸ್‌ಗಳ ಪಾಲು ದೊಡ್ಡದು. ಅವನ್ನು ತೆಗೆದುಹಾಕಿದ ಮಂಡಿಗಳಲ್ಲಿ ಆಗುವ ಬದಲಾವಣೆಗಳನ್ನು ಫೇರ್‌ಬ್ಯಾಂಕ್ ಎಂಬ ಶಸ್ತ್ರವೈದ್ಯರು 1948ರಲ್ಲೇ ಎಕ್ಸ್‌ರೇ ಚಿತ್ರಗಳ ಆಧಾರದಿಂದ ವಿವರಿಸಿದ್ದರು. ಹರಿದ ಮೆನಿಸ್ಕಸನ್ನು ಸಾಧ್ಯವಾದಷ್ಟೂ ಉಳಿಸಿಕೊಳ್ಳಬೇಕೆಂಬ ಇಂದಿನ ನಿಲುವಿಗೆ ಬೇರು ಅಲ್ಲಿದೆ.

ಅಷ್ಟು ಹೊರೆಯಡಿ ಮೃದುವಾದ ಕೋಶಗಳು ಜಜ್ಜಿಹೋಗುವುದಿಲ್ಲವೇ?

ಹೋಗುವುದಿಲ್ಲ, ಏಕೆಂದರೆ ಹೊರೆಯ ಬಹುಪಾಲನ್ನು ಮೊದಲು ಹೊರುವುದು ನೀರು. ಮೃದ್ವಸ್ಥಿಯ ರಂಧ್ರಗಳು ಅತಿ ಸೂಕ್ಷ್ಮವಾಗಿರುವುದರಿಂದ, ಒಮ್ಮೆಲೇ ಒತ್ತಿದಾಗ ಒಳಗಿನ ನೀರಿಗೆ ಹೊರಬರಲು ಸಮಯ ಸಾಲದೆ ಅದರ ಒತ್ತಡ ಏರುತ್ತದೆ, ಮತ್ತು ಆರಂಭದ ಕ್ಷಣಗಳಲ್ಲಿ ಹೊರೆಯ ಶೇ. 90ಕ್ಕೂ ಹೆಚ್ಚು ಪಾಲನ್ನು ಆ ದ್ರವವೇ ತಡೆದುಕೊಳ್ಳಬಲ್ಲದು. ಹೊರೆ ಬಹುಹೊತ್ತು ಹಾಗೆಯೇ ನಿಂತರೆ ನೀರು ನಿಧಾನವಾಗಿ ಜಿನುಗಿ ಹೊರಟು ಭಾರ ಘನ ಹಂದರದ ಮೇಲೆ ಬೀಳತೊಡಗುತ್ತದೆ. ಮೃದ್ವಸ್ಥಿಯನ್ನು ಹೀಗೆ ಘನ ಮತ್ತು ದ್ರವ ಎಂಬ ಎರಡು ಭಾಗಗಳ ಕೂಡುವಸ್ತುವೆಂದು ಪರಿಗಣಿಸಿ ವ್ಯಾನ್ ಮೋ ಮತ್ತು ಅವರ ಸಹೋದ್ಯೋಗಿಗಳು 1980ರಲ್ಲಿ ಮಂಡಿಸಿದ ಗಣಿತದ ಮಾದರಿ ಇಂದಿಗೂ ಈ ಕ್ಷೇತ್ರದ ಅಡಿಪಾಯವಾಗಿದೆ.

ಎರಡನೆಯ ರಕ್ಷಣೆ ಕೋಶದ ಸುತ್ತಲೇ ಇದೆ. ಪ್ರತಿ ಕಾಂಡ್ರೊಸೈಟ್ ಆರನೇ ಬಗೆಯ ಕೊಲಾಜೆನ್ ಮತ್ತು ಪರ್ಲಿಕಾನ್ ಎಂಬ ಅಣುಗಳಿಂದಾದ ತೆಳುವಾದ ಕವಚದೊಳಗೆ ಕುಳಿತಿರುತ್ತದೆ. ಕೋಶ ಬಹಳ ಮೆತ್ತಗಿರುತ್ತದೆ, ದೂರದ ಹಂದರ ಬಹಳ ಗಡುಸಾಗಿರುತ್ತದೆ, ಈ ಕವಚದ ಗಡಸುತನ ಅವೆರಡರ ನಡುವಿನದು. ಹೊರಗಿನ ಒತ್ತಡವನ್ನು ಕೋಶ ತಾಳುವ ಮಟ್ಟಕ್ಕೆ ಮಾರ್ಪಡಿಸಿ ಒಳಕ್ಕೆ ಬಿಡುವುದು ಅದರ ಕೆಲಸ. ಸಂಧಿವಾತದ, ಅಂದರೆ ಮೃದ್ವಸ್ಥಿ ಕ್ರಮೇಣ ನಾಶವಾಗುವ ಕಾಯಿಲೆಯ (ಆಸ್ಟಿಯೊಆರ್ಥ್ರೈಟಿಸ್), ಮಂಡಿಗಳಲ್ಲಿ ಈ ಕವಚ ಮೆತ್ತಗಾಗುತ್ತದೆ. ಆಗ ಹೊರಗಿನ ಹೊರೆ ಹಿಂದಿನಷ್ಟೇ ಇದ್ದರೂ ಕೋಶಕ್ಕೆ ತಲುಪುವ ಸಂದೇಶ ಬದಲಾಗಿರುತ್ತದೆ. ಈ ಅಂಶಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ತನ್ನ ಮೇಲೆ ಒತ್ತಡ ಬಿದ್ದಿದೆ ಎಂದು ಕೋಶಕ್ಕೆ ಹೇಗೆ ತಿಳಿಯುತ್ತದೆ?

ಒಂದೇ ಒಂದು ಸಂವೇದಕದಿಂದ ಅಲ್ಲ. ಒತ್ತಡ ಬಿದ್ದಾಗ ಕೋಶದ ಸುತ್ತ ಅನೇಕ ಸಂಗತಿಗಳು ಏಕಕಾಲದಲ್ಲಿ ನಡೆಯುತ್ತವೆ: ಕೋಶದ ಆಕಾರ ಚಪ್ಪಟೆಯಾಗುತ್ತದೆ, ದ್ರವದ ಒತ್ತಡ ಏರುತ್ತದೆ, ನೀರು ಹರಿಯುತ್ತದೆ, ಅಗ್ರಿಕಾನ್‌ನ ಆವೇಶಗಳು ಹತ್ತಿರ ಬರುವುದರಿಂದ ಸುತ್ತಲಿನ ಲವಣಾಂಶ ಬದಲಾಗುತ್ತದೆ. ಇವುಗಳಲ್ಲಿ ಪ್ರತಿಯೊಂದನ್ನೂ ಗ್ರಹಿಸುವ ಏರ್ಪಾಡು ಕೋಶದಲ್ಲಿದೆ.

ಹೆಚ್ಚು ಅಧ್ಯಯನಕ್ಕೆ ಒಳಗಾಗಿರುವುದು ಕೋಶಪೊರೆಯಲ್ಲಿರುವ ಅಯಾನು ನಾಳಗಳು. ಟಿಆರ್‌ಪಿವಿ4 ಎಂಬ ನಾಳ ಸಾಮಾನ್ಯ ಚಲನೆಯಲ್ಲಿ ಉಂಟಾಗುವ ಮಿತವಾದ ಒತ್ತಡಕ್ಕೂ ಲವಣಾಂಶದ ಏರಿಳಿತಕ್ಕೂ ಸ್ಪಂದಿಸಿ ಕ್ಯಾಲ್ಸಿಯಂ ಅಯಾನುಗಳನ್ನು ಒಳಬಿಡುತ್ತದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ನಾಳವನ್ನು ಔಷಧದಿಂದ ತಡೆದಾಗ, ಲಯಬದ್ಧ ಒತ್ತಡ ಕೊಟ್ಟರೂ ಕೋಶಗಳು ಹೊಸ ಹಂದರ ಕಟ್ಟುವ ಕೆಲಸವನ್ನು ಹೆಚ್ಚಿಸಲಿಲ್ಲ. ಒತ್ತಡವೇ ಇಲ್ಲದೆ ರಾಸಾಯನಿಕದಿಂದ ನಾಳವನ್ನು ತೆರೆದಾಗ ಕೋಶಗಳು ಒತ್ತಡ ಬಿದ್ದಾಗ ತೋರುವ ಪ್ರತಿಕ್ರಿಯೆಯನ್ನೇ ತೋರಿದವು. ಈ ಜೋಡಿ ಪ್ರಯೋಗ ನನಗೆ ಬಹಳ ಮನದಟ್ಟಾದದ್ದು, ಏಕೆಂದರೆ ಕೋಶದ ಮಟ್ಟಿಗೆ ಒತ್ತಡದ ಪರಿಣಾಮ ಕೊನೆಗೆ ಒಂದು ನಿರ್ದಿಷ್ಟ ಸಂಕೇತದಲ್ಲಿ ಅಡಗಿದೆ ಎಂಬುದನ್ನು ಅದು ಎರಡೂ ದಿಕ್ಕಿನಿಂದ ತೋರಿಸುತ್ತದೆ.

ಪೀಜೋ1 ಮತ್ತು ಪೀಜೋ2 ಎಂಬ ನಾಳಗಳ ಪಾತ್ರ ಬೇರೆ. ಇವನ್ನು ಆರ್ಡೆಮ್ ಪಟಪುಟಿಯನ್ ಅವರ ತಂಡ 2010ರಲ್ಲಿ ಗುರುತಿಸಿತು. ಸ್ಪರ್ಶ ಮತ್ತು ಉಷ್ಣತೆಯ ಗ್ರಾಹಕಗಳ ಸಂಶೋಧನೆಗಾಗಿ ಅವರು ಡೇವಿಡ್ ಜೂಲಿಯಸ್ ಅವರೊಂದಿಗೆ 2021ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಕಾಂಡ್ರೊಸೈಟ್‌ಗಳಲ್ಲಿ ಈ ಎರಡೂ ನಾಳಗಳಿದ್ದು, ಕೋಶ ತೀವ್ರವಾಗಿ ಹಿಂಡಲ್ಪಟ್ಟಾಗ ಅವು ಒಟ್ಟಾಗಿ ತೆರೆದುಕೊಂಡು ಅಪಾರ ಕ್ಯಾಲ್ಸಿಯಂ ಒಳನುಗ್ಗಲು ಕಾರಣವಾಗುತ್ತವೆ. ಟರಾಂಟುಲಾ ಜೇಡದ ವಿಷದಲ್ಲಿ ದೊರೆತ ಒಂದು ಪೆಪ್ಟೈಡ್ ಈ ನಾಳಗಳನ್ನು ಮುಚ್ಚುತ್ತದೆ. ಮೃದ್ವಸ್ಥಿಯ ತುಣುಕುಗಳಿಗೆ ಗಾಯ ಮಾಡುವ ಪ್ರಯೋಗದಲ್ಲಿ ಅದನ್ನು ಬಳಸಿದಾಗ ಗಾಯದ ಸುತ್ತ ಸತ್ತ ಕೋಶಗಳ ಸಂಖ್ಯೆ ಕಡಿಮೆಯಾಯಿತು.

ಇವಲ್ಲದೆ ಹಂದರವನ್ನೂ ಕೋಶದ ಒಳಕಂಬಿಗಳನ್ನೂ ಜೋಡಿಸುವ ಇಂಟಿಗ್ರಿನ್‌ಗಳಿವೆ, ಪ್ರತಿ ಕೋಶದಿಂದ ಆಂಟೆನಾದಂತೆ ಹೊರಚಾಚುವ, ಪ್ರಾಥಮಿಕ ಸೀಲಿಯಂ ಎಂಬ ಒಂದೇ ಒಂದು ಸೂಕ್ಷ್ಮ ಎಳೆ ಇದೆ. ಕವಚದಲ್ಲಿ ಸಂಗ್ರಹವಾಗಿರುವ ಎಫ್‌ಜಿಎಫ್2 ಎಂಬ ಬೆಳವಣಿಗೆಯ ಅಂಶ ಒತ್ತಡ ಬಿದ್ದಾಗ ಬಿಡುಗಡೆಯಾಗಿ ಕೋಶವನ್ನು ತಲುಪುತ್ತದೆ ಎಂಬುದೂ ಪ್ರಯೋಗಗಳಿಂದ ತಿಳಿದಿದೆ.

ಗ್ರಹಿಸಿದ ಮೇಲೆ ಕೋಶ ಏನು ಮಾಡುತ್ತದೆ?

ಒತ್ತಡದ ಪ್ರಮಾಣವೊಂದೇ ಇದನ್ನು ನಿರ್ಧರಿಸುವುದಿಲ್ಲ. ಅದರ ಲಯ, ವೇಗ ಮತ್ತು ಅವಧಿಗೆ ಅಷ್ಟೇ ಮಹತ್ವವಿದೆ. ಈ ಪುಟದಲ್ಲಿ ಒಂದೇ ಒಂದು ವಿಷಯವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದರೆ ಅದು ಇದು.

1989ರಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಕರುಗಳ ಮೃದ್ವಸ್ಥಿಯ ಸಣ್ಣ ಬಿಲ್ಲೆಗಳನ್ನು ಎರಡು ರೀತಿಯಲ್ಲಿ ಒತ್ತಿ ನೋಡಿದರು. ಒತ್ತಿ ಹಾಗೆಯೇ ಹಿಡಿದಿಟ್ಟಾಗ ಕೋಶಗಳು ಹೊಸ ಪ್ರೋಟೀನ್ ಮತ್ತು ಅಗ್ರಿಕಾನ್ ತಯಾರಿಸುವುದನ್ನು ತಗ್ಗಿಸಿದವು. ಒತ್ತಿ ಬಿಡುವ, ಮತ್ತೆ ಒತ್ತಿ ಬಿಡುವ ಕ್ರಮದಲ್ಲಿ, ನಡಿಗೆಯ ಲಯಕ್ಕೆ ಹತ್ತಿರವಾದ ಆವೃತ್ತಿಗಳಲ್ಲಿ, ದಪ್ಪದ ಶೇ. 1ರಿಂದ 2ರಷ್ಟು ಮಾತ್ರ ಅದುಮಿದಾಗಲೂ ತಯಾರಿಕೆ ಸ್ಪಷ್ಟವಾಗಿ ಹೆಚ್ಚಿತು. ಬೇರೆ ಬೇರೆ ಪ್ರಾಣಿಗಳ ಮೃದ್ವಸ್ಥಿಯ ಮೇಲೆ, ಜೆಲ್‌ನಲ್ಲಿ ಹುದುಗಿಸಿದ ಕೋಶಗಳ ಮೇಲೆ ಅನಂತರ ನಡೆದ ಅನೇಕ ಪ್ರಯೋಗಗಳು ಇದೇ ಚಿತ್ರವನ್ನು ಬಲಪಡಿಸಿವೆ.

ಇದಕ್ಕೆ ಕಾರಣವೂ ಮೇಲೆ ಹೇಳಿದ ದ್ರವದ ವರ್ತನೆಯಲ್ಲಿದೆ. ಸ್ಥಿರವಾದ ಒತ್ತಡದಲ್ಲಿ ನೀರು ಹೊರಹೋಗಿ, ಹಂದರ ಅದುಮಿಕೊಂಡು, ಪೋಷಕಾಂಶಗಳ ಸಾಗಣೆ ಕುಗ್ಗಿ, ಸುತ್ತಲಿನ ದ್ರವ ಹೆಚ್ಚು ಆಮ್ಲೀಯವಾಗುತ್ತದೆ. ಏರಿಳಿಯುವ ಒತ್ತಡದಲ್ಲಿ ದ್ರವ ಹೋಗಿ ಬಂದು ಮಾಡುತ್ತದೆ, ಕೋಶದ ಆಕಾರ ಬದಲಾಗಿ ಮರಳುತ್ತದೆ, ಕ್ಯಾಲ್ಸಿಯಂ ಸಂಕೇತಗಳು ಮತ್ತೆ ಮತ್ತೆ ಹುಟ್ಟುತ್ತವೆ. ಮಿತವಾದ ಲಯಬದ್ಧ ಒತ್ತಡ ಉರಿಯೂತದ ಸಂಕೇತಗಳನ್ನೂ ತಗ್ಗಿಸುತ್ತದೆ: ಇಂಟರ್‌ಲ್ಯೂಕಿನ್-1 ಎಂಬ ಉರಿಯೂತಕಾರಕ ಸೇರಿಸಿದ ಕೋಶಗಳಿಗೆ ಇಂತಹ ಒತ್ತಡ ಕೊಟ್ಟಾಗ ಅವು ಉತ್ಪಾದಿಸುವ ಹಾನಿಕರ ಪದಾರ್ಥಗಳು ಕಡಿಮೆಯಾಗಿರುವುದು ಕಂಡುಬಂದಿದೆ.

ಎಲ್ಲ ಪದರಗಳ ಕೋಶಗಳೂ ಒಂದೇ ರೀತಿ ವರ್ತಿಸುತ್ತವೆಯೇ?

ಇಲ್ಲ. ಮೇಲ್ಪದರದ ಕೋಶಗಳು ಚಪ್ಪಟೆಯಾಗಿದ್ದು ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತವೆ, ನಡುವಿನವು ದುಂಡಾಗಿರುತ್ತವೆ, ಆಳದವು ಮೂಳೆಗೆ ಲಂಬವಾಗಿ ಸಾಲುಗಟ್ಟಿರುತ್ತವೆ. ಹಂದರ ಮೆತ್ತಗಿರುವ ಮೇಲ್ಪದರವೇ ಹೆಚ್ಚು ಅದುಮಿಕೊಳ್ಳುತ್ತದೆ. ಅಲ್ಲಿನ ಕೋಶಗಳು ಲೂಬ್ರಿಸಿನ್ ಎಂಬ ಜಾರಕ ಪ್ರೋಟೀನನ್ನು ಸ್ರವಿಸುತ್ತವೆ, ಮತ್ತು ಮೇಲ್ಮೈಗಳು ಒಂದರ ಮೇಲೊಂದು ಜಾರುವ ಚಲನೆ ಈ ಸ್ರವಿಕೆಯನ್ನು ಹೆಚ್ಚಿಸುತ್ತದೆ. ಹುಟ್ಟಿನಿಂದಲೇ ಲೂಬ್ರಿಸಿನ್ ತಯಾರಿಸಲಾಗದ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ಎಳೆಯ ವಯಸ್ಸಿನಲ್ಲೇ ಕೀಲುಗಳು ಕೆಡುವುದನ್ನು ನೋಡಿದರೆ ಆ ಪ್ರೋಟೀನಿನ ಬೆಲೆ ಅರಿವಾಗುತ್ತದೆ.

ಒಂದೇ ಒಂದು ಬಲವಾದ ಏಟು ಮಂಡಿಯ ಕೋಶಗಳನ್ನು ಕೆಡಿಸಬಲ್ಲದೇ?

ಕೆಡಿಸಬಲ್ಲದು. ಅತಿ ವೇಗದ ಹೊಡೆತದಲ್ಲಿ ದ್ರವದ ರಕ್ಷಣೆಯನ್ನೂ ಮೀರಿ ಕೊಲಾಜೆನ್ ಬಲೆ ಬಿರಿಯುತ್ತದೆ. ಬಿರುಕಿನ ಅಕ್ಕಪಕ್ಕದ ಕೋಶಗಳು, ವಿಶೇಷವಾಗಿ ಮೇಲ್ಪದರದವು, ಸಾಯುತ್ತವೆ. ಅಷ್ಟಕ್ಕೇ ಮುಗಿಯುವುದಿಲ್ಲ: ಬದುಕುಳಿದ ಕೋಶಗಳ ಮೈಟೊಕಾಂಡ್ರಿಯಾಗಳಿಂದ ಹೊಮ್ಮುವ ಆಮ್ಲಜನಕದ ಉಗ್ರ ಸಂಯುಕ್ತಗಳ ಕಾರಣದಿಂದ ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ ಸಾವು ಸುತ್ತಲೂ ಹರಡುತ್ತದೆ. ಈ ಅವಧಿಯಲ್ಲೇ ಮಧ್ಯಪ್ರವೇಶಿಸಿ ಕೋಶಗಳನ್ನು ಉಳಿಸಬಹುದೇ ಎಂಬುದು ಸಂಶೋಧಕರ ಮುಂದಿರುವ ದೊಡ್ಡ ಪ್ರಶ್ನೆ.

ಮಂಡಿಯ ಮುಂಭಾಗದ ಅಡ್ಡ ಅಸ್ಥಿರಜ್ಜು ಹರಿದ ಯುವ ಆಟಗಾರರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 10ರಿಂದ 20 ವರ್ಷಗಳೊಳಗೆ ಸಂಧಿವಾತದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಅಂತಹ ಗಾಯದಲ್ಲಿ ಏಟಿನ ಆಘಾತ, ಕೀಲಿನೊಳಗೆ ರಕ್ತ ಸೇರುವುದು, ಉರಿಯೂತ, ಅನಂತರ ಬದಲಾದ ಚಲನೆ ಇವೆಲ್ಲ ಒಂದರ ಹಿಂದೊಂದು ಬರುವುದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ.

ಹಾಗಾದರೆ ಮಂಡಿಗೆ ಸಂಪೂರ್ಣ ವಿಶ್ರಾಂತಿ ಕೊಡುವುದೇ ಒಳ್ಳೆಯದಲ್ಲವೇ?

ದೀರ್ಘಕಾಲ ಹೊರೆಯೇ ಇಲ್ಲದಿದ್ದರೆ ಮೃದ್ವಸ್ಥಿ ಕ್ಷೀಣಿಸುತ್ತದೆ. ಬೆನ್ನುಹುರಿಯ ಗಾಯದಿಂದ ಕಾಲುಗಳ ಚಲನೆ ಕಳೆದುಕೊಂಡವರ ಮಂಡಿಗಳನ್ನು ಎಂಆರ್‌ಐ ಮೂಲಕ ಅಳೆದಾಗ, ಗಾಯವಾದ ಮೊದಲ ಒಂದೆರಡು ವರ್ಷಗಳಲ್ಲೇ ಮೃದ್ವಸ್ಥಿ ಗಣನೀಯವಾಗಿ ತೆಳುವಾಗಿರುವುದು ಕಂಡುಬಂದಿದೆ. ಫಿನ್‌ಲೆಂಡಿನ ಕುವೋಪಿಯೋದಲ್ಲಿ ಬೀಗಲ್ ನಾಯಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ, ಕೆಲವು ವಾರಗಳ ಕಾಲ ಕಾಲನ್ನು ಚಲಿಸದಂತೆ ಕಟ್ಟಿಟ್ಟಾಗ ಮೃದ್ವಸ್ಥಿಯ ಅಗ್ರಿಕಾನ್ ಅಂಶ ಕುಸಿದು ಅದು ಮೆತ್ತಗಾಯಿತು. ಕಟ್ಟು ಬಿಚ್ಚಿ ಓಡಾಡಲು ಬಿಟ್ಟ ಮೇಲೆ ಬಹುಮಟ್ಟಿಗೆ ಚೇತರಿಸಿಕೊಂಡರೂ ಎಲ್ಲ ಕಡೆಯೂ ಪೂರ್ತಿಯಾಗಿ ಮೊದಲಿನಂತಾಗಲಿಲ್ಲ.

ಗಾಯ ಅಥವಾ ಶಸ್ತ್ರಚಿಕಿತ್ಸೆಯ ನಂತರದ ಕೆಲವು ದಿನಗಳ ವಿಶ್ರಾಂತಿ ಬೇರೆ ವಿಚಾರ, ಅದು ಬೇಕಾಗಬಹುದು. ಆದರೆ ಮಂಡಿ ಕೆಡಬಾರದೆಂಬ ಭಯದಿಂದ ವರ್ಷಗಟ್ಟಲೆ ನಡಿಗೆಯನ್ನೇ ಬಿಡುವವರು ತಾವು ಕಾಪಾಡಬೇಕೆಂದಿರುವ ಕೋಶಗಳಿಂದಲೇ ಅವುಗಳಿಗೆ ಬೇಕಾದ ಸಂಕೇತವನ್ನು ಕಿತ್ತುಕೊಳ್ಳುತ್ತಿರುತ್ತಾರೆ.

ಓಡುವುದರಿಂದ ಮಂಡಿ ಸವೆಯುತ್ತದೆಯೇ?

ಆರೋಗ್ಯವಂತ ಮಂಡಿಗಳಲ್ಲಿ ಮಿತವಾದ ಓಟ ಹಾಗೆ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಒಂದು ವಿಶ್ಲೇಷಣೆಯಲ್ಲಿ ಸೊಂಟ ಮತ್ತು ಮಂಡಿಯ ಸಂಧಿವಾತ ಹವ್ಯಾಸಿ ಓಟಗಾರರಲ್ಲಿ ಶೇ. 3.5, ಓಡದೆ ಕುಳಿತೇ ಇರುವವರಲ್ಲಿ ಶೇ. 10.2, ಸ್ಪರ್ಧಾತ್ಮಕ ಓಟಗಾರರಲ್ಲಿ ಶೇ. 13.3ರಷ್ಟಿತ್ತು. ಓಡುವವರು ಮೊದಲೇ ತೆಳ್ಳಗೂ ಆರೋಗ್ಯವಾಗಿಯೂ ಇರುವ ಸಾಧ್ಯತೆ ಇರುವುದರಿಂದ ಈ ಅಂಕಿಗಳಿಂದ ಓಟವೇ ಕಾಯಿಲೆಯನ್ನು ತಡೆಯುತ್ತದೆ ಎಂದು ತೀರ್ಮಾನಿಸಲಾಗದು. ಓಟ ಮಂಡಿಗೆ ಮಾರಕ ಎಂಬ ಮಾತಿಗಂತೂ ಅವು ಬೆಂಬಲ ಕೊಡುವುದಿಲ್ಲ.

ಬಸ್ಕಿ ಹೊಡೆದ ಅಥವಾ ಓಡಿದ ತಕ್ಷಣ ಎಂಆರ್‌ಐ ತೆಗೆದರೆ ಮೃದ್ವಸ್ಥಿಯ ಗಾತ್ರ ಕೆಲವು ಶೇಕಡಾ ಕುಗ್ಗಿರುತ್ತದೆ, ಗಂಟೆ ಒಂದೂವರೆ ಗಂಟೆಗಳ ವಿಶ್ರಾಂತಿಯಲ್ಲಿ ಅದು ಮರಳುತ್ತದೆ. ಇದು ನೀರಿನ ಏರಿಳಿತವಷ್ಟೇ. ಹಾಗೆಯೇ ನೋವಾಗಲಿ ಬಾವಾಗಲಿ ಇಲ್ಲದೆ ಮಂಡಿ ಲಟಕ್ಕೆನ್ನುವುದು ಹಾನಿಯ ಸೂಚನೆಯಲ್ಲ.

ದೇಹದ ತೂಕ ಎಷ್ಟರ ಮಟ್ಟಿಗೆ ಮುಖ್ಯ?

ಬಹಳ ಮುಖ್ಯ. ಅಧಿಕ ತೂಕ ಮತ್ತು ಮಂಡಿಯ ಸಂಧಿವಾತ ಇರುವವರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಆದರೆ ತೂಕದ ಪರಿಣಾಮ ಹೊರೆಯಿಂದಷ್ಟೇ ಅಲ್ಲ. ಭಾರ ಹೊರದ ಕೈಬೆರಳಿನ ಕೀಲುಗಳಲ್ಲೂ ಬೊಜ್ಜಿರುವವರಿಗೆ ಸಂಧಿವಾತದ ಅಪಾಯ ಹೆಚ್ಚು. ಕೊಬ್ಬಿನ ಅಂಗಾಂಶ ರಕ್ತಕ್ಕೆ ಬಿಡುವ ಉರಿಯೂತಕಾರಕಗಳು ಇದಕ್ಕೆ ಒಂದು ಕಾರಣ.

ಸಂಧಿವಾತ ಬಂದ ಮೇಲೆ ಕೋಶಗಳ ಪ್ರತಿಕ್ರಿಯೆ ಹೇಗೆ ಬದಲಾಗುತ್ತದೆ?

ಕಟ್ಟುವ ಕೋಶವೇ ಕೆಡವುವ ಕೋಶವಾಗುತ್ತದೆ. ಕೊಲಾಜೆನನ್ನು ಕತ್ತರಿಸುವ ಎಂಎಂಪಿ-13, ಅಗ್ರಿಕಾನನ್ನು ಕತ್ತರಿಸುವ ಅಡಾಮ್‌ಟಿಎಸ್-5 ಎಂಬ ಕಿಣ್ವಗಳನ್ನು ಕಾಂಡ್ರೊಸೈಟ್‌ಗಳೇ ಹೆಚ್ಚಾಗಿ ತಯಾರಿಸತೊಡಗುತ್ತವೆ. ಎರಡನೆಯ ಕಿಣ್ವ ಇಲ್ಲದಂತೆ ಮಾಡಿದ ಇಲಿಗಳ ಮಂಡಿಯನ್ನು ಶಸ್ತ್ರಚಿಕಿತ್ಸೆಯಿಂದ ಅಸ್ಥಿರಗೊಳಿಸಿದರೂ ಮೃದ್ವಸ್ಥಿ ಅಷ್ಟಾಗಿ ನಾಶವಾಗಲಿಲ್ಲ ಎಂದು 2005ರಲ್ಲಿ ತಿಳಿದುಬಂತು. ಇನ್ನೊಂದು ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು: ಅದೇ ರೀತಿ ಅಸ್ಥಿರಗೊಳಿಸಿದ ಇಲಿಯ ಮಂಡಿಯನ್ನು ಚಲಿಸದಂತೆ ಮಾಡಿದಾಗ ಇಂತಹ ಕಿಣ್ವಗಳ ವಂಶವಾಹಿಗಳು ಎಚ್ಚರಗೊಳ್ಳುವುದು ಬಹುಮಟ್ಟಿಗೆ ನಿಂತಿತು. ಅಂದರೆ ಮಂಡಿ ಅಸ್ಥಿರವಾಗಿದ್ದಾಗ ಆಗುವ ತಪ್ಪಾದ ಚಲನೆಯನ್ನು ಕೋಶಗಳು ಗ್ರಹಿಸಿಯೇ ವಿನಾಶದ ದಾರಿ ಹಿಡಿಯುತ್ತವೆ. ಸ್ನಾಯುಗಳನ್ನು ಬಲಪಡಿಸಿ ಮಂಡಿಯನ್ನು ಸ್ಥಿರಗೊಳಿಸುವ ವ್ಯಾಯಾಮಗಳಿಗೆ ಸಂಧಿವಾತದ ಚಿಕಿತ್ಸೆಯಲ್ಲಿ ಮೊದಲ ಸ್ಥಾನ ಕೊಡುವುದು ಸರಿ ಎಂದು ನಾನು ನಂಬಲು ಇದೂ ಒಂದು ಕಾರಣ.

ಕಳೆದುಹೋದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆಯೇ?

ಅಗ್ರಿಕಾನ್ ಕಳೆದುಹೋದರೆ ಕೋಶಗಳು ಅದನ್ನು ಮತ್ತೆ ತುಂಬಬಲ್ಲವು. ಕೊಲಾಜೆನ್ ಬಲೆ ಒಡೆದರೆ ಹಾಗಲ್ಲ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಇಂಗಾಲ-14ರ ಜಾಡು ಹಿಡಿದು 2016ರಲ್ಲಿ ನಡೆಸಿದ ಅಧ್ಯಯನ, ಮಂಡಿಯ ಕೊಲಾಜೆನ್ ಬೆಳವಣಿಗೆಯ ವಯಸ್ಸಿನಲ್ಲೇ ರೂಪುಗೊಂಡು ಅನಂತರ ಬಹುತೇಕ ಬದಲಾಗದೆ ಉಳಿಯುತ್ತದೆ ಎಂದು ತೋರಿಸಿತು. ಗಾಯಗೊಂಡ ಮೃದ್ವಸ್ಥಿ ವಾಸಿಯಾಗದು ಎಂದು ಅಂಗರಚನಾ ತಜ್ಞ ವಿಲಿಯಂ ಹಂಟರ್ 1743ರಲ್ಲಿ ಗಮನಿಸಿ ಬರೆದದ್ದಕ್ಕೆ ಇಲ್ಲಿ ಅಣುಮಟ್ಟದ ವಿವರಣೆ ಸಿಗುತ್ತದೆ.

ಪ್ರಯೋಗಾಲಯದಲ್ಲಿ ಈ ಕೋಶಗಳನ್ನು ಬೆಳೆಸುವುದು ಕಷ್ಟವೇಕೆ?

ಸಪಾಟಾದ ಪ್ಲಾಸ್ಟಿಕ್ ತಟ್ಟೆಯ ಮೇಲೆ ಬೆಳೆಸಿದರೆ ಅವು ಚಪ್ಪಟೆಯಾಗಿ ಹರಡಿಕೊಂಡು ತಮ್ಮತನವನ್ನೇ ಕಳೆದುಕೊಳ್ಳುತ್ತವೆ, ಎರಡನೇ ಬಗೆಯ ಕೊಲಾಜೆನ್‌ಗೆ ಬದಲಾಗಿ ಮೊದಲನೇ ಬಗೆಯದನ್ನು ತಯಾರಿಸುತ್ತವೆ. ಅಂತಹ ಕೋಶಗಳನ್ನು ಅಗರೋಸ್ ಜೆಲ್‌ನಲ್ಲಿ ಹುದುಗಿಸಿ ಮತ್ತೆ ದುಂಡಾಗಲು ಬಿಟ್ಟರೆ ಹಳೆಯ ಸ್ವಭಾವ ಮರಳುತ್ತದೆ ಎಂದು 1982ರಲ್ಲಿ ತೋರಿಸಲಾಯಿತು. ಕೋಶದ ಆಕಾರವೂ ಒಂದು ಯಾಂತ್ರಿಕ ಸಂಕೇತವೇ.

ಕೋಶ ಕಸಿ ಮಾಡಿದ ಮಂಡಿಯ ಮೇಲೆ ಯಾವಾಗ ಭಾರ ಹಾಕಬಹುದು?

ರೋಗಿಯದೇ ಕೋಶಗಳನ್ನು ತೆಗೆದು, ಬೆಳೆಸಿ, ಗಾಯದ ಜಾಗಕ್ಕೆ ಮರಳಿ ಸೇರಿಸುವ ವಿಧಾನವನ್ನು ಸ್ವೀಡನ್ನಿನ ಗೋಥೆನ್‌ಬರ್ಗ್‌ನ ವೈದ್ಯರು 1994ರಲ್ಲಿ ವರದಿ ಮಾಡಿದರು. ಹೊಸದಾಗಿ ಸೇರಿಸಿದ ಕೋಶಗಳ ಸುತ್ತ ರಕ್ಷಣೆಯ ಹಂದರ ಇನ್ನೂ ಕಟ್ಟಿಕೊಂಡಿರುವುದಿಲ್ಲವಾದ್ದರಿಂದ ಮೊದಲೇ ಪೂರ್ಣ ಭಾರ ಹಾಕಿದರೆ ಅವು ನೇರವಾಗಿ ಹಿಂಡಿಹೋಗುತ್ತವೆ. ಏನೂ ಹಾಕದಿದ್ದರೆ ಹಂದರ ಕಟ್ಟಲು ಪ್ರೇರಣೆಯೇ ಇರುವುದಿಲ್ಲ. ಆದ್ದರಿಂದ ಮಂಡಿಯನ್ನು ಭಾರವಿಲ್ಲದೆ ಮಡಚಿ ಬಿಡಿಸುವ ಚಲನೆಯನ್ನು ಮೊದಲ ದಿನಗಳಲ್ಲೇ ಆರಂಭಿಸಿ, ನೆಲಕ್ಕೆ ಹಾಕುವ ಭಾರವನ್ನು ಹಲವು ವಾರಗಳಲ್ಲಿ ಹಂತ ಹಂತವಾಗಿ ಏರಿಸಲಾಗುತ್ತದೆ. ಕಸಿ ಮಾಡಿದ ಜಾಗ ಯಾವುದು ಎಂಬುದರ ಮೇಲೆ ವೇಳಾಪಟ್ಟಿ ಬದಲಾಗುತ್ತದೆ: ಮಂಡಿಚಿಪ್ಪಿನ ಹಿಂದೆ ಕಸಿ ಮಾಡಿದ್ದರೆ ನೇರವಾಗಿ ನಿಲ್ಲುವುದಕ್ಕಿಂತ ಭಾರ ಹಾಕಿ ಮಂಡಿ ಬಾಗಿಸುವುದು ಹೆಚ್ಚು ಅಪಾಯಕಾರಿ, ತೊಡೆಮೂಳೆಯ ಭಾರ ಹೊರುವ ಭಾಗದಲ್ಲಿ ಮಾಡಿದ್ದರೆ ನಿಲ್ಲುವುದೇ ನಿರ್ಬಂಧಕ್ಕೆ ಒಳಪಡುತ್ತದೆ. ಓಟ ಮತ್ತು ನೆಗೆತ ಇರುವ ಆಟಗಳಿಗೆ ಮರಳಲು ಸಾಮಾನ್ಯವಾಗಿ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ.